ಅಂತರಲಿಂಗಿ ಮಕ್ಕಳ ಮೇಲಿನ ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕಾನೂನು ತನ್ನಿ: ರಾಜ್ಯದ ಶಾಸಕರಿಗೆ ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಹಾಗೂ ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,

ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡು ಮತ್ತು ನವಜಾತ ಶಿಶು ಘಟಕಗಳಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹುಟ್ಟುವಾಗಲೇ ದೇಹದ ಲಕ್ಷಣಗಳು ಗಂಡು ಅಥವಾ ಹೆಣ್ಣು ಎಂಬ ಎರಡರಲ್ಲಿ ಒಂದಕ್ಕೆ ಪೂರ್ತಿಯಾಗಿ ಹೊಂದದ ಮಕ್ಕಳ ಪರವಾಗಿ, ಅಂದರೆ ಅಂತರಲಿಂಗಿ ಮಕ್ಕಳ ಪರವಾಗಿ, ಈ ಪತ್ರ ಬರೆಯುತ್ತಿದ್ದೇನೆ. ಪ್ರಾಣಕ್ಕಾಗಲಿ ಆರೋಗ್ಯಕ್ಕಾಗಲಿ ಅಪಾಯವಿಲ್ಲದಿದ್ದರೂ, ನೋಡುವುದಕ್ಕೆ ಗಂಡಿನಂತೆಯೋ ಹೆಣ್ಣಿನಂತೆಯೋ ಕಾಣಲಿ ಎಂಬ ಒಂದೇ ಕಾರಣಕ್ಕೆ ಈ ಮಕ್ಕಳ ಜನನಾಂಗದ ಮೇಲೆ, ವೃಷಣ ಅಥವಾ ಅಂಡಾಶಯದ ಮೇಲೆ ನಡೆಯುವ ಶಸ್ತ್ರಚಿಕಿತ್ಸೆಯನ್ನು, ಮಗು ಬೆಳೆದು ತಾನೇ ಅರ್ಥಮಾಡಿಕೊಂಡು ಒಪ್ಪುವವರೆಗೆ ಮುಂದೂಡುವ ಕಾನೂನನ್ನು ತಾವು ತರಬೇಕು. ನನ್ನ ಬೇಡಿಕೆ ಇಷ್ಟೇ.

ಈ ವಿಷಯ ಸದನದಲ್ಲಿ ಚರ್ಚೆಗೆ ಬರುವುದು ತೀರ ಅಪರೂಪ. ಇಂತಹ ಮಕ್ಕಳ ತಂದೆತಾಯಿ ಅರ್ಜಿ ಹಿಡಿದು ತಮ್ಮ ಮನೆಬಾಗಿಲಿಗೆ ಬರುವುದಿಲ್ಲ, ಸಂಘ ಕಟ್ಟುವುದಿಲ್ಲ, ಪಕ್ಕದ ಮನೆಯವರಿಗೂ ಹೇಳುವುದಿಲ್ಲ. ಮಗುವಿಗೂ ಹೇಳುವುದಿಲ್ಲ. ಕಿಬ್ಬೊಟ್ಟೆಯ ಮೇಲಿನ ಹೊಲಿಗೆಯ ಗುರುತು ಯಾವುದರದ್ದೆಂದು ಮಗು ಕೇಳಿದರೆ ‘ಸಣ್ಣವಳಿದ್ದಾಗ ಹರ್ನಿಯಾ ಆಪರೇಷನ್ ಆಗಿತ್ತು’ ಎಂದು ಹೇಳಿ ಸುಮ್ಮನಾಗಿಸುವ ಮನೆಗಳಿವೆ. ಮತದಾರರಲ್ಲದ, ಮಾತೂ ಬಾರದ ಈ ಮಕ್ಕಳಿಗೆ ಪ್ರತಿನಿಧಿಗಳು ಯಾರಾದರೂ ಇದ್ದರೆ ಅದು ತಾವೇ.

ಹೆರಿಗೆ ಕೋಣೆಯ ಬಾಗಿಲು ತೆರೆದ ಕೂಡಲೇ ಹೊರಗೆ ಕಾಯುತ್ತಿರುವವರ ಬಾಯಿಂದ ಬರುವ ಮೊದಲ ಮಾತು ‘ಏನು ಮಗು ಸಿಸ್ಟರ್?’ ಎಂಬುದು. ಅದಕ್ಕೆ ಉತ್ತರ ಕೊಡಲಾಗದ ಹೆರಿಗೆಗಳಲ್ಲಿ ಮುಂದಿನ ಕೆಲವು ಗಂಟೆಗಳು ಹೇಗಿರುತ್ತವೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕೇಸ್ ಶೀಟಿನಲ್ಲಿ ಲಿಂಗದ ಕಾಲಂ ಖಾಲಿ ಬಿಡುವುದು ಹೇಗೆ ಎಂದು ಒಬ್ಬರು ಕೇಳುತ್ತಾರೆ, ಮಗುವಿನ ಕೈಗೆ ಕಟ್ಟುವ ಪಟ್ಟಿಯಲ್ಲಿ ಏನು ಬರೆಯಲಿ ಎಂದು ಇನ್ನೊಬ್ಬರು ಕೇಳುತ್ತಾರೆ, ಅಜ್ಜಿ ಬಟ್ಟೆ ಬಿಚ್ಚಿ ತೋರಿಸಿ ಎಂದು ಹಟ ಹಿಡಿಯುತ್ತಾರೆ, ಊರಿನಿಂದ ಫೋನುಗಳು ಬರುತ್ತಲೇ ಇರುತ್ತವೆ. ತೊಟ್ಟಿಲು ಶಾಸ್ತ್ರದ ದಿನ ಹತ್ತಿರವಾಗುತ್ತದೆ, ಜನನ ನೋಂದಣಿಗೆ ಇರುವ 21 ದಿನಗಳ ಗಡುವು ಓಡುತ್ತಿರುತ್ತದೆ. ಈ ಆತುರದ ನಡುವೆ ಯಾರೋ ಒಬ್ಬರು ‘ಆಪರೇಷನ್ ಮಾಡಿದರೆ ಸರಿಹೋಗುತ್ತದೆ’ ಎಂದರೆ ಸಾಕು, ಇಡೀ ಕುಟುಂಬ ಆ ಮಾತಿಗೆ ಜೋತುಬೀಳುತ್ತದೆ. ಅದು ಅವರ ತಪ್ಪಲ್ಲ. ಆ ಹೊತ್ತಿನಲ್ಲಿ ಅವರ ಮುಂದೆ ಬೇರೆ ದಾರಿಯನ್ನು ಯಾರೂ ಇಟ್ಟಿರುವುದಿಲ್ಲ.

ಆಮೇಲೆ ಬರುವುದು ಒಪ್ಪಿಗೆ ಪತ್ರ. ಸಾಧಕ ಬಾಧಕಗಳನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿದ್ದಾರೆ, ನಾನು ಸ್ವಇಚ್ಛೆಯಿಂದ ಒಪ್ಪಿದ್ದೇನೆ ಎಂದು ಅಚ್ಚಾಗಿರುವ ಹಾಳೆಯ ಕೆಳಗೆ ತಂದೆಯ ಸಹಿ ಅಥವಾ ಹೆಬ್ಬೆಟ್ಟು ಬೀಳುತ್ತದೆ. ಅಪೆಂಡಿಕ್ಸ್ ತೆಗೆಯುವುದಕ್ಕೂ ಅದೇ ಹಾಳೆ, ಒಂದು ಜೀವದ ಲಿಂಗವನ್ನು ತೀರ್ಮಾನಿಸುವುದಕ್ಕೂ ಅದೇ ಹಾಳೆ. ಮನೆಯ ಹಿರಿಯರು ಕಾರಿಡಾರಿನಲ್ಲಿ ನಿಂತು ನಿರ್ಧಾರ ಮಾಡಿಬಿಡುತ್ತಾರೆ, ಮಗುವನ್ನು ಹೆತ್ತವಳು ಇನ್ನೂ ಹೊಲಿಗೆಯ ನೋವಿನಲ್ಲಿ ಮಲಗಿರುತ್ತಾಳೆ. ಮುಂದೆ ಮಗುವಿಗೆ ಎಷ್ಟು ಬಾರಿ ಮರು ಶಸ್ತ್ರಚಿಕಿತ್ಸೆ ಬೇಕಾಗಬಹುದು, ಆ ಜಾಗದ ಸ್ಪರ್ಶಜ್ಞಾನ ಉಳಿಯುತ್ತದೆಯೇ, ಮಕ್ಕಳನ್ನು ಪಡೆಯುವ ಸಾಧ್ಯತೆ ಉಳಿಯುತ್ತದೆಯೇ ಎಂಬ ಯಾವ ಪ್ರಶ್ನೆಗೂ ಆ ಹಾಳೆಯಲ್ಲಿ ಜಾಗವಿಲ್ಲ. ಹನ್ನೆರಡು ವರ್ಷದೊಳಗಿನ ಮಗುವಿಗೆ ಪೋಷಕರ ಒಪ್ಪಿಗೆಯ ಮೇರೆಗೆ, ಮಗುವಿನ ಹಿತಕ್ಕಾಗಿ, ಸದ್ಭಾವನೆಯಿಂದ ಮಾಡಿದ ಕೆಲಸವನ್ನು ಅಪರಾಧವೆಂದು ಎಣಿಸಬಾರದೆಂದು ಭಾರತೀಯ ನ್ಯಾಯ ಸಂಹಿತೆಯ 27ನೇ ಸೆಕ್ಷನ್ ಹೇಳುತ್ತದೆ. ಹಿಂದಿನ ದಂಡ ಸಂಹಿತೆಯ 89ನೇ ಸೆಕ್ಷನ್ ಹೇಳುತ್ತಿದ್ದುದೂ ಇದನ್ನೇ. ಮಕ್ಕಳ ಜೀವ ಉಳಿಸುವ ವೈದ್ಯರಿಗೆ ಈ ರಕ್ಷಣೆ ಬೇಕೇ ಬೇಕು. ಆದರೆ ಅಂತರಲಿಂಗಿ ಮಗುವಿನ ಹಿತ ಯಾವುದು ಎಂಬುದೇ ಇಲ್ಲಿನ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ನಮ್ಮ ರಾಜ್ಯದ ಕಾನೂನಿನಲ್ಲಿ ಉತ್ತರವಿಲ್ಲ.

ನಿಜವಾಗಿ ತುರ್ತಾದದ್ದು ಯಾವುದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ಹುಟ್ಟಿದ ಮಗುವಿನ ಜನನಾಂಗ ಗಂಡೋ ಹೆಣ್ಣೋ ಎಂದು ತಿಳಿಯದಿರುವುದಕ್ಕೆ ಬಹು ಸಾಮಾನ್ಯವಾದ ಕಾರಣಗಳಲ್ಲಿ ಒಂದು ಕಂಜೆನೈಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ, ವೈದ್ಯರ ಮಾತಿನಲ್ಲಿ ಸಿಎಎಚ್. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸಾಕಷ್ಟು ತಯಾರಿಸಲಾರದೆ, ಅದರ ಬದಲು ಗಂಡು ಹಾರ್ಮೋನುಗಳನ್ನು ಹೆಚ್ಚಾಗಿ ಸುರಿಸುತ್ತವೆ. ಅದರಿಂದ ಗರ್ಭಕೋಶ, ಅಂಡಾಶಯ ಎಲ್ಲವೂ ಇರುವ ಮಗುವಿನ ಹೊರ ಜನನಾಂಗ ಗಂಡಿನದರಂತೆ ಬೆಳೆದಿರುತ್ತದೆ. ಈ ಮಕ್ಕಳಲ್ಲಿ ಅನೇಕರಿಗೆ ದೇಹದಲ್ಲಿ ಉಪ್ಪಿನಂಶ ನಿಲ್ಲುವುದಿಲ್ಲ. ಹುಟ್ಟಿದ ಎರಡು ಮೂರು ವಾರಗಳೊಳಗೆ ಮಗು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ತೂಕ ಇಳಿಯುತ್ತದೆ, ರಕ್ತದಲ್ಲಿ ಸೋಡಿಯಂ ಕುಸಿದು ಪೊಟ್ಯಾಸಿಯಂ ಏರುತ್ತದೆ. ಆಗ ಹೈಡ್ರೊಕಾರ್ಟಿಸೋನ್ ಮತ್ತು ಉಪ್ಪಿನ ದ್ರಾವಣ ಸಿಕ್ಕರೆ ಮಗು ಉಳಿಯುತ್ತದೆ, ಸಿಗದಿದ್ದರೆ ಸಾಯುತ್ತದೆ. ಇದೇ ಕಾಯಿಲೆ ಇರುವ ಗಂಡು ಮಗುವಿನ ಹೊರಲಕ್ಷಣಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿರುವುದಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬರಿಯ ವಾಂತಿ ಭೇದಿ ಎಂದುಕೊಂಡು ಕೈಬಿಟ್ಟುಹೋದ ಕೂಸುಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಿಂದ ಇದನ್ನು ಪತ್ತೆ ಹಚ್ಚಬಹುದು. ತಂದೆತಾಯಿ ಇಬ್ಬರೂ ಈ ದೋಷದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಗಟ್ಟಿಯಾಗಿರುವ ನಮ್ಮ ರಾಜ್ಯದಲ್ಲಿ ಆ ಮಾತಿನ ತೂಕ ಏನೆಂದು ತಾವೇ ಯೋಚಿಸಬಹುದು. ಹೀಗೆ, ತುರ್ತಾಗಿ ಬೇಕಾದದ್ದು ರಕ್ತ ಪರೀಕ್ಷೆ ಮತ್ತು ಔಷಧಿ. ಜನನಾಂಗದ ಆಕಾರ ಬದಲಿಸುವುದರಲ್ಲಿ ಅಂಥ ತುರ್ತು ಯಾವುದೂ ಇಲ್ಲ.

ಶಸ್ತ್ರಚಿಕಿತ್ಸೆಯೇ ಜೀವ ಉಳಿಸುವ ಸಂದರ್ಭಗಳೂ ಇವೆ. ಮೂತ್ರ ಹೊರಬರಲು ದಾರಿಯೇ ಇಲ್ಲದಿದ್ದರೆ, ಮೂತ್ರಕೋಶ ಹೊಟ್ಟೆಯ ಹೊರಗೆ ತೆರೆದುಕೊಂಡಿದ್ದರೆ ಕಾಯುವ ಪ್ರಶ್ನೆ ಏಳುವುದಿಲ್ಲ. ಸಾಮಾನ್ಯವಾಗಿ ಗಂಡಿನಲ್ಲಿರುವ ವೈ ವರ್ಣತಂತು ಇದ್ದೂ ಸರಿಯಾಗಿ ಬೆಳೆಯದ ಕೆಲವು ಬಗೆಯ ಲೈಂಗಿಕ ಗ್ರಂಥಿಗಳಲ್ಲಿ ಕ್ಯಾನ್ಸರ್ ಅಪಾಯ ಹೆಚ್ಚಿರುವುದರಿಂದ ಅವನ್ನು ಬೇಗ ತೆಗೆಯಬೇಕಾಗುತ್ತದೆ. ಆದರೆ ಅದೇ ಕ್ಯಾನ್ಸರ್ ಭಯವನ್ನು ಎಲ್ಲರಿಗೂ ಒಂದೇ ಸಮನಾಗಿ ಹೇಳುವುದು ಸರಿಯಲ್ಲ. ಗಂಡು ಹಾರ್ಮೋನಿಗೆ ದೇಹ ಸ್ವಲ್ಪವೂ ಸ್ಪಂದಿಸದ ಮಕ್ಕಳಲ್ಲಿ ಪ್ರೌಢಾವಸ್ಥೆಗೆ ಮೊದಲು ಆ ಅಪಾಯ ಬಹಳ ಕಡಿಮೆ ಎಂದು ವೈದ್ಯಲೋಕವೇ ಒಪ್ಪಿದೆ. ಇನ್ನು ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣಿನಂತೆಯೇ ಕಾಣುತ್ತಾರೆ, ಹೆಣ್ಣುಮಕ್ಕಳಾಗಿಯೇ ಬೆಳೆಯುತ್ತಾರೆ. 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಕೊರತೆ ಇರುವ ಈ ಮಕ್ಕಳಿಗೆ ಹದಿವಯಸ್ಸಿನಲ್ಲಿ ದನಿ ಒಡೆಯುತ್ತದೆ, ಸ್ನಾಯುಗಳು ಬಲಿಯುತ್ತವೆ, ಅವರಲ್ಲಿ ಹಲವರು ಮುಂದೆ ಗಂಡಸರಾಗಿ ಬಾಳುತ್ತಾರೆ. ತೊಟ್ಟಿಲಲ್ಲಿರುವಾಗಲೇ ಅಂಥವರ ವೃಷಣ ತೆಗೆದು ಹೆಣ್ಣು ಮಾಡಿಬಿಟ್ಟರೆ ಹದಿನೈದನೆಯ ವಯಸ್ಸಿನಲ್ಲಿ ಅವರಿಗೆ ಅದನ್ನು ಮರಳಿ ಕೊಡಲು ಯಾವ ವೈದ್ಯರಿಂದಲೂ ಆಗದು.

ನಮ್ಮ ನೆರೆಯ ರಾಜ್ಯಗಳಲ್ಲಿ ಈ ಪ್ರಶ್ನೆ ಆಗಲೇ ನ್ಯಾಯಾಲಯದ ಮೆಟ್ಟಿಲೇರಿದೆ. 2019ರ ಏಪ್ರಿಲ್ 22ರಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅವರು, ಒಬ್ಬ ಪುರುಷ ಮತ್ತು ಒಬ್ಬ ಲಿಂಗಪರಿವರ್ತಿತ ಮಹಿಳೆಯ ಮದುವೆ ನೋಂದಣಿಯ ಪ್ರಕರಣದಲ್ಲಿ ತೀರ್ಪು ನೀಡುತ್ತ, ಪೋಷಕರ ಒಪ್ಪಿಗೆಯನ್ನು ಮಗುವಿನ ಒಪ್ಪಿಗೆ ಎಂದು ಭಾವಿಸಲಾಗದು ಎಂದರು, ಮತ್ತು ಅಂತರಲಿಂಗಿ ಶಿಶುಗಳ ಮೇಲಿನ ಇಂತಹ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸುವಂತೆ ತಮಿಳುನಾಡು ಸರ್ಕಾರಕ್ಕೆ ನಿರ್ದೇಶನ ಕೊಟ್ಟರು. ಅದೇ ವರ್ಷ ಆಗಸ್ಟ್‌ನಲ್ಲಿ, ಪ್ರಾಣಾಪಾಯದ ಸಂದರ್ಭ ಬಿಟ್ಟು ಉಳಿದಂತೆ ನಿಷೇಧ ವಿಧಿಸುವ ಸರ್ಕಾರಿ ಆದೇಶ ಹೊರಬಿತ್ತು. ದೇಶದಲ್ಲಿ ಇದೇ ಮೊದಲನೆಯದು. 2021ರ ಜನವರಿಯಲ್ಲಿ ದೆಹಲಿಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಅಲ್ಲಿನ ಸರ್ಕಾರಕ್ಕೆ ಇದೇ ಶಿಫಾರಸು ಮಾಡಿತು.

2023ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟಿನ ಮುಂದೆ ಬಂದ ಪ್ರಕರಣ ನನ್ನನ್ನು ಹೆಚ್ಚು ಕಾಡಿದೆ. ಅಲ್ಲಿ ಅರ್ಜಿ ಹಾಕಿದವರು ಏಳು ವರ್ಷದ ಮಗುವಿನ ತಂದೆತಾಯಿ. ಮಗುವಿಗೆ ಸಿಎಎಚ್ ಇತ್ತು, ಸಾಮಾನ್ಯವಾಗಿ ಹೆಣ್ಣಿನಲ್ಲಿರುವ 46 ಎಕ್ಸ್‌ಎಕ್ಸ್ ವರ್ಣತಂತು ಇತ್ತು, ಹೆಣ್ಣಾಗಿಸುವ ಶಸ್ತ್ರಚಿಕಿತ್ಸೆಗೆ ವೈದ್ಯರ ಸಲಹೆಯೂ ಇತ್ತು; ಆದರೂ ಕೋರ್ಟಿನ ಆದೇಶವಿಲ್ಲದೆ ಮಾಡಲು ಯಾವ ವೈದ್ಯರೂ ಮುಂದಾಗದ್ದರಿಂದ ಅನುಮತಿ ಕೊಡಿಸಿ ಎಂದು ಅವರು ಬೇಡಿದ್ದರು. ನ್ಯಾಯಮೂರ್ತಿ ವಿ.ಜಿ. ಅರುಣ್ ಅನುಮತಿ ಕೊಡಲಿಲ್ಲ. ಮಗುವಿನ ಒಪ್ಪಿಗೆ ಇಲ್ಲದೆ ಅನುಮತಿ ಕೊಟ್ಟರೆ ಸಂವಿಧಾನದ 14, 19 ಮತ್ತು 21ನೇ ವಿಧಿಗಳು ಕೊಟ್ಟ ಹಕ್ಕುಗಳಿಗೆ ಧಕ್ಕೆಯಾಗುತ್ತದೆ, ಬೆಳೆದ ಮೇಲೆ ಮಗುವಿನ ಮನಸ್ಸು ಬೇರೆ ಲಿಂಗದ ಕಡೆಗೆ ವಾಲಿದರೆ ಅದು ತೀವ್ರ ಮಾನಸಿಕ ನೋವಿಗೆ ಕಾರಣವಾಗುತ್ತದೆ ಎಂಬುದು ಅವರ ನಿಲುವು. ತಜ್ಞರ ಸಮಿತಿ ಮಗುವನ್ನು ಪರೀಕ್ಷಿಸಬೇಕು, ಪ್ರಾಣಾಪಾಯವಿದೆಯೆಂದು ಕಂಡುಬಂದರೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಬಹುದು ಎಂದ ಕೋರ್ಟು, ಇಂತಹ ಶಸ್ತ್ರಚಿಕಿತ್ಸೆಗಳನ್ನು ನಿಯಂತ್ರಿಸುವ ಆದೇಶ ಹೊರಡಿಸಲು ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಆ ತಂದೆತಾಯಿ ಕೆಟ್ಟವರಲ್ಲ. ಏಳು ವರ್ಷ ಒದ್ದಾಡಿ, ಯಾವ ಬಾಗಿಲೂ ತೆರೆಯದೆ ಕೊನೆಗೆ ಹೈಕೋರ್ಟಿಗೆ ಬಂದವರು. ಕಾನೂನೂ ನೆರವೂ ಮೊದಲೇ ಇದ್ದಿದ್ದರೆ ತಮ್ಮ ಮಗುವಿನ ದೇಹದ ವಿವರಗಳನ್ನು ಅವರು ನ್ಯಾಯಾಲಯದ ಕಡತಕ್ಕೆ ಒಪ್ಪಿಸಬೇಕಾಗಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ವಿಷಯದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಕೇಂದ್ರಕ್ಕೆ ನೋಟಿಸ್ ನೀಡಿದೆ.

ಸಂಸತ್ತು 2019ರಲ್ಲಿ ಲಿಂಗಪರಿವರ್ತಿತ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದಾಗ ಅಂತರಲಿಂಗಿ ಎಂದರೆ ಯಾರೆಂದು ವ್ಯಾಖ್ಯಾನಿಸಿತು; ಶಿಶುಗಳ ಮೇಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಆ ಕೊರತೆಯನ್ನು ತುಂಬಲು ರಾಜ್ಯಕ್ಕೆ ಅಧಿಕಾರವಿದೆ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ರಾಜ್ಯ ಪಟ್ಟಿಯಲ್ಲೇ ಇವೆ. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ 2017ರಲ್ಲೇ ನೀತಿ ರೂಪಿಸಿದ, 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟ ರಾಜ್ಯ ನಮ್ಮದು. ಬೆಳೆದವರ ವಿಷಯದಲ್ಲಿ ಇಷ್ಟು ಮುಂದೆ ಹೋದ ಸದನ ಕೂಸುಗಳ ವಿಷಯದಲ್ಲಿ ಹಿಂದೆ ಬೀಳಬಾರದು.

ಕಾನೂನು ಬರೆಯುವಾಗ ಒಂದು ಎಚ್ಚರ ಬೇಕು. ಮಕ್ಕಳ ಕಲ್ಯಾಣದ ಹೆಸರಿನಲ್ಲೇ ಅಮೆರಿಕದ 20ಕ್ಕೂ ಹೆಚ್ಚು ರಾಜ್ಯಗಳು, ತಾನು ಹುಟ್ಟಿದ ಲಿಂಗದವನಲ್ಲ ಅಥವಾ ಹುಟ್ಟಿದ ಲಿಂಗದವಳಲ್ಲ ಎಂದು ಹೇಳುವ ಹದಿಹರೆಯದವರಿಗೆ ಹಾರ್ಮೋನು ಚಿಕಿತ್ಸೆ ಕೊಡುವುದನ್ನು ನಿಷೇಧಿಸಿವೆ. 2021ರಲ್ಲಿ ಅರ್ಕಾನ್ಸಾ ರಾಜ್ಯ ಗವರ್ನರ್ ಅಸಾ ಹಚಿನ್ಸನ್ ಅವರ ನಿರಾಕರಣೆಯನ್ನೂ ಮೀರಿ ಇದನ್ನು ಆರಂಭಿಸಿತು. 2022ರಲ್ಲಿ ಟೆಕ್ಸಸ್ ಗವರ್ನರ್, ಇಂತಹ ಚಿಕಿತ್ಸೆ ಕೊಡಿಸಿದ ತಂದೆತಾಯಿಯರನ್ನು ಮಕ್ಕಳ ಮೇಲಿನ ದೌರ್ಜನ್ಯದ ಹೆಸರಿನಲ್ಲಿ ತನಿಖೆಗೆ ಒಳಪಡಿಸಿ ಎಂದು ಮಕ್ಕಳ ರಕ್ಷಣಾ ಇಲಾಖೆಗೆ ಸೂಚಿಸಿದರು. ಟೆನೆಸ್ಸಿ ರಾಜ್ಯದ ನಿಷೇಧವನ್ನು 2025ರ ಜೂನ್ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಎತ್ತಿಹಿಡಿಯಿತು. ಆ ಚಿಕಿತ್ಸೆಯ ಗುಣಾವಗುಣಗಳ ಬಗ್ಗೆ ವೈದ್ಯಲೋಕದಲ್ಲಿ ದೇಶದಿಂದ ದೇಶಕ್ಕೆ ಭಿನ್ನಾಭಿಪ್ರಾಯವಿದೆ, ಅದನ್ನು ಇಲ್ಲಿ ತೀರ್ಮಾನಿಸುವ ಅರ್ಹತೆ ನನಗಿಲ್ಲ. ನಾನು ತಮ್ಮ ಗಮನಕ್ಕೆ ತರುವುದು ಆ ಕಾಯ್ದೆಗಳಲ್ಲಿರುವ ವಿನಾಯಿತಿಯನ್ನು. ಅರ್ಕಾನ್ಸಾ, ಟೆಕ್ಸಸ್, ಟೆನೆಸ್ಸಿಗಳ ಕಾಯ್ದೆಗಳು ಹದಿನಾರು ವರ್ಷದ ಹುಡುಗ ಅಥವಾ ಹುಡುಗಿ ತಾನಾಗಿ ಕೇಳಿದ ಚಿಕಿತ್ಸೆಗೆ ಅಡ್ಡ ಬರುತ್ತವೆ. ಲಿಂಗ ಬೆಳವಣಿಗೆಯ ಜನ್ಮಜಾತ ವ್ಯತ್ಯಾಸವಿರುವ ಶಿಶುವಿನ ಮೇಲೆ, ಅದನ್ನು ಕೇಳದೆಯೇ ನಡೆಯುವ ಶಸ್ತ್ರಚಿಕಿತ್ಸೆಗೆ ಮಾತ್ರ ಬಾಗಿಲು ತೆರೆದಿಡುತ್ತವೆ. ಮಕ್ಕಳಿಗೆ ತಮ್ಮ ದೇಹದ ಬಗ್ಗೆ ನಿರ್ಧರಿಸುವ ಪ್ರಬುದ್ಧತೆ ಇಲ್ಲ ಎಂಬುದು ಅಲ್ಲಿನ ಶಾಸಕರ ವಾದವಾದರೆ, ಮೂರು ತಿಂಗಳ ಕೂಸಿಗೆ ಆ ವಾದ ಮೊದಲು ಅನ್ವಯವಾಗಬೇಕಿತ್ತು. ನಮ್ಮ ಕರಡು ಬರೆಯುವವರು ಆ ಕಾಯ್ದೆಗಳ ಭಾಷೆಯನ್ನು ಎತ್ತಿಕೊಳ್ಳಬಾರದು. ನೋಡಬೇಕಾದದ್ದು 2015ರಲ್ಲಿ ಮಾಲ್ಟಾ, 2021ರಲ್ಲಿ ಜರ್ಮನಿ ಮಾಡಿದ ಕಾನೂನುಗಳನ್ನು. ಅವೆರಡೂ ಕೇಳುವುದು ಈ ಶಸ್ತ್ರಚಿಕಿತ್ಸೆಯನ್ನು ಮಗು ತಾನೇ ತೀರ್ಮಾನಿಸುವವರೆಗೆ ಕಾಯಲು ಆಗುವುದಿಲ್ಲವೇ ಎಂದು.

ಶಸ್ತ್ರವೈದ್ಯರಲ್ಲಿ ಹಲವರು ನನ್ನ ಮಾತನ್ನು ಒಪ್ಪುವುದಿಲ್ಲ ಎಂದು ಬಲ್ಲೆ. ಎಳೆಯ ವಯಸ್ಸಿನಲ್ಲಿ ಗಾಯ ಬೇಗ ಮಾಯುತ್ತದೆ, ಮಗುವಿಗೆ ನೆನಪಿರುವುದಿಲ್ಲ, ಈಗಿನ ವಿಧಾನಗಳು ಹಿಂದಿನಷ್ಟು ಒರಟಲ್ಲ ಎಂದು ಅವರು ಹೇಳುತ್ತಾರೆ. ಬಾಲ್ಯದಲ್ಲೇ ಆಗಿದ್ದು ಒಳ್ಳೆಯದಾಯಿತು ಎನ್ನುವ ವಯಸ್ಕರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕಲಾರೆ. ಆದರೆ ಕಾಯ್ದವರಿಗೆ ಮುಂದೆ ಮಾಡಿಸಿಕೊಳ್ಳುವ ಅವಕಾಶ ಉಳಿದಿರುತ್ತದೆ, ಮಾಡಿಸಿದವರಿಗೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ತಂದೆತಾಯಿಯರ ಭಯ ಇನ್ನೂ ಆಳವಾದದ್ದು: ಅಂಗನವಾಡಿಯಲ್ಲಿ ಯಾರಾದರೂ ನೋಡಿದರೆ? ಶಾಲೆಯ ಶೌಚಾಲಯದಲ್ಲಿ? ನಾಳೆ ಮದುವೆ? ಈ ಪ್ರಶ್ನೆಗಳಿಗೆ ನಾನು ಹಗುರವಾಗಿ ಉತ್ತರಿಸಲಾರೆ, ಏಕೆಂದರೆ ಊರಿನ ಬಾಯಿ ಎಂಥದ್ದೆಂದು ನನಗೂ ಗೊತ್ತು. ಆದರೆ ಆ ಭಯಕ್ಕೆ ಪರಿಹಾರ ಕೊಡಬೇಕಾದವರು ಆಪ್ತಸಮಾಲೋಚಕರು, ಶಿಕ್ಷಕರು ಮತ್ತು ಸರ್ಕಾರ. ಅದರ ಬೆಲೆಯನ್ನು ಮಗುವಿನ ದೇಹ ತೆರಬಾರದು.

ಆದ್ದರಿಂದಲೇ ಕಾನೂನು ಬರೀ ನಿಷೇಧದ ಕಾನೂನಾಗಬಾರದು. ತಂದೆತಾಯಿಯರನ್ನು ಅದು ಅಪರಾಧಿಗಳನ್ನಾಗಿ ಮಾಡಬಾರದು. ಹಾಗೆ ಮಾಡಿದರೆ ಅವರು ಆಸ್ಪತ್ರೆಗೆ ಬರುವುದನ್ನೇ ಬಿಡುತ್ತಾರೆ, ಉಪ್ಪಿನಂಶ ಕಳೆದುಕೊಂಡ ಕೂಸುಗಳು ಮನೆಯಲ್ಲೇ ಸಾಯುತ್ತವೆ. ಹೊಣೆ ಆಸ್ಪತ್ರೆಯ ಮೇಲಿರಲಿ. ಕೇವಲ ಸರ್ಕಾರಿ ಆದೇಶವಾದರೆ ಮುಂದೊಂದು ಆದೇಶ ಅದನ್ನು ಅಳಿಸಬಹುದು. ಕಾಯ್ದೆಯಾದರೆ ಅದನ್ನು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿಗೆ ಜೋಡಿಸಬಹುದು, ಆಗ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಖಾಸಗಿ ಆಸ್ಪತ್ರೆಗಳನ್ನೂ ಪ್ರಶ್ನಿಸುವ ಅಧಿಕಾರ ಸಿಗುತ್ತದೆ. ಯಾವುದು ತುರ್ತು ಎಂದು ಹೇಳುವ ಸಮಿತಿಯಲ್ಲಿ ಶಸ್ತ್ರಚಿಕಿತ್ಸೆ ಮಾಡುವವರೇ ತುಂಬಿರಬಾರದು: ಮಕ್ಕಳ ಹಾರ್ಮೋನು ತಜ್ಞರು, ಮನೋವೈದ್ಯರು, ಮಕ್ಕಳ ಹಕ್ಕುಗಳ ಆಯೋಗದ ಪ್ರತಿನಿಧಿ ಇರಬೇಕು, ಅಂತರಲಿಂಗಿಯಾಗಿ ಬೆಳೆದ ವಯಸ್ಕರೊಬ್ಬರು ಕಡ್ಡಾಯವಾಗಿ ಇರಬೇಕು. ಸಮಿತಿ ತನ್ನ ಕಾರಣಗಳನ್ನು ಬರೆದಿಡಬೇಕು, ಹದಿನೆಂಟು ತುಂಬಿದ ದಿನ ಆ ಕಡತವನ್ನು ಓದುವ ಹಕ್ಕು ಆ ವ್ಯಕ್ತಿಗೆ ಇರಬೇಕು. ಸಿಎಎಚ್ ಪತ್ತೆ ಹಚ್ಚುವ ಹಿಮ್ಮಡಿ ರಕ್ತ ಪರೀಕ್ಷೆ ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಉಚಿತವಾಗಿ ಆಗಬೇಕು, ಹೈಡ್ರೊಕಾರ್ಟಿಸೋನ್ ಮತ್ತು ಫ್ಲುಡ್ರೊಕಾರ್ಟಿಸೋನ್ ಮಾತ್ರೆಗಳು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ಆ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ, ಅದಕ್ಕಾಗಿ ಬೀದರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಓಡಾಡುವುದು ಬಡವರಿಗೆ ಆಗದ ಮಾತು. ಜನನ ನೋಂದಣಿಯಲ್ಲಿ ಹೆಸರನ್ನು ಆಮೇಲೆ ಸೇರಿಸಲು ಈಗಲೇ ಅವಕಾಶವಿದೆ, ಲಿಂಗದ ಕಾಲಂಗೂ ಪರೀಕ್ಷೆಗಳು ಮುಗಿಯುವವರೆಗೆ ಅಂಥದೇ ಅವಕಾಶ ಬೇಕು. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಈ ಕುಟುಂಬಗಳ ಜೊತೆ ಕುಳಿತು ಮಾತನಾಡಬಲ್ಲ ಒಬ್ಬರಾದರೂ ಇರಬೇಕು, ಆ ಮಾತು ತಾಯಿಯ ಮುಂದೆಯೇ ನಡೆಯಬೇಕು. ಇನ್ನು, ಹದಿವಯಸ್ಸಿಗೆ ಬಂದ ಮಗು ತಾನೇ ಏನಾದರೂ ಕೇಳಿದರೆ ಅದನ್ನು ಆಲಿಸಿ, ವಯಸ್ಸಿಗೆ ತಕ್ಕಂತೆ ವಿವರಿಸಿ, ವೈದ್ಯರು ಮತ್ತು ಮನೆಯವರು ಕೂಡಿ ನಿರ್ಧರಿಸುವ ದಾರಿಯನ್ನು ಈ ಕಾನೂನು ಮುಚ್ಚಬಾರದು.

ಸರ್ಕಾರವೇ ಮಸೂದೆ ತಂದರೆ ಸಂತೋಷ. ತಾರದಿದ್ದರೆ ಖಾಸಗಿ ಸದಸ್ಯರ ಮಸೂದೆ ಮಂಡಿಸುವ ಹಕ್ಕು ಪಕ್ಷಭೇದವಿಲ್ಲದೆ ತಮ್ಮೆಲ್ಲರಿಗೂ ಇದೆ. ಅದಕ್ಕೂ ಮೊದಲು, ಕಳೆದ ಹತ್ತು ವರ್ಷಗಳಲ್ಲಿ ರಾಜ್ಯದ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಐದು ವರ್ಷದೊಳಗಿನ ಎಷ್ಟು ಮಕ್ಕಳಿಗೆ ಇಂತಹ ಶಸ್ತ್ರಚಿಕಿತ್ಸೆ ಆಗಿದೆ, ಎಷ್ಟರಲ್ಲಿ ಪ್ರಾಣಾಪಾಯ ದಾಖಲಾಗಿತ್ತು ಎಂಬ ಪ್ರಶ್ನೆಯನ್ನು ಬರುವ ಅಧಿವೇಶನದಲ್ಲಿ ಆರೋಗ್ಯ ಸಚಿವರಿಗೆ ಕೇಳಿ, ಲಿಖಿತ ಉತ್ತರ ಪಡೆಯಿರಿ. ಮಸೂದೆ ಪರಿಶೀಲನಾ ಸಮಿತಿಯ ಮುಂದೆ ಬಂದರೆ, ನಾನು ವಾರ್ಡಿನಲ್ಲಿ ಕಂಡಿದ್ದನ್ನು ಯಾವ ಮಗುವಿನ ಗುರುತೂ ಬಯಲಾಗದಂತೆ ಹೇಳಲು ಸಿದ್ಧಳಿದ್ದೇನೆ. ಕರೆದ ದಿನ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ